ಖಾಲಿ ಮರೀನಾ, ತುಂಬಿದ ಮರೀನಾ: ಶಾಕ್, ಸ್ಪ್ರಿಂಗ್, ಬ್ರೇಕಿನ ಲೆಕ್ಕ

ಸ್ಟೇಷನ್ ವ್ಯಾಗನ್, ಅಂದರೆ ಚಾವಣಿ ಡಿಕ್ಕಿಯ ಮೇಲಿನವರೆಗೂ ಚಾಚಿಕೊಂಡಿರುವ ಕಾರು, ನಮ್ಮ ಜನಕ್ಕೆ ಯಾಕೋ ಅಷ್ಟಕ್ಕಷ್ಟೇ. 1992ರಲ್ಲಿ ಬಂದ ಟಾಟಾ ಎಸ್ಟೇಟ್ ಆಗಲಿ, ಆಮೇಲಿನ ಮಾರುತಿ ಬಲೆನೋ ಆಲ್ಟುರಾ ಆಗಲಿ, 2004ರ ಇಂಡಿಗೋ ಮರೀನಾ ಆಗಲಿ, ಯಾವುದನ್ನೂ ಮುಗಿಬಿದ್ದು ಕೊಂಡವರಿಲ್ಲ. ಅದರಿಂದಲೇ ನನಗೆ 2006ರ ಡೀಸೆಲ್ ಮರೀನಾ ಒಂದು ಹಳೇ ಬುಲೆಟ್ ಬೆಲೆಗೆ ಸಿಕ್ಕಿದ್ದು. ಎಂಜಿನ್ ಗಟ್ಟಿ, ಬಾಡಿ ಪರವಾಗಿಲ್ಲ. ಹಂಪ್ ಹತ್ತಿ ಇಳಿದರೆ ಮಾತ್ರ ತಗಡಿನ ಟ್ರಂಕು ಉರುಳಿಸಿದ ಸದ್ದು. ಬ್ರೇಕ್ ಒತ್ತಿದರೆ ಪೆಡಲ್ ಅರ್ಧ ದಾರಿ ಸುಮ್ಮನೆ ಹೋಗಿ, ಆಮೇಲೆ ಕೆಲಸ ಶುರುಮಾಡುತ್ತಿತ್ತು.

ಎರಡು ವರ್ಷದಲ್ಲಿ ನಾಲ್ಕು ಬಗೆಯ ಸಸ್ಪೆನ್ಷನ್ ಏರ್ಪಾಡು, ಮೂರು ಬಗೆಯ ಬ್ರೇಕ್ ಪ್ಯಾಡ್ ಹಾಕಿ ನೋಡಿದೆ. ಪರೀಕ್ಷೆಯ ದಾರಿ ಒಂದೇ: ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ ಘಾಟಿಯ 14 ತಿರುವು ಇಳಿದು ಸೋಮೇಶ್ವರ, ವಾಪಸ್. ಒಮ್ಮೆ ಖಾಲಿ ಗಾಡಿಯಲ್ಲಿ, ಇನ್ನೊಮ್ಮೆ ಡಿಕ್ಕಿಯಲ್ಲಿ 25 ಕೆಜಿಯ ಆರು ಅಕ್ಕಿ ಮೂಟೆ ಹೇರಿಕೊಂಡು. ಹಿಂದಿನ ಸೀಟಿನಲ್ಲಿ ಅಮ್ಮ. ಅವರಿಗೆ ಘಾಟಿಯಲ್ಲಿ ಹೊಟ್ಟೆ ತೊಳಸುತ್ತದೆ. ಯಾವ ತಿರುವಿನಲ್ಲಿ ನಿಂಬೆಹಣ್ಣು ಕೇಳುತ್ತಾರೆ ಅನ್ನೋದರ ಮೇಲೆ ನನ್ನ ಅಂಕಪಟ್ಟಿ. ಮೂಟೆ ಹೇರೋ ಹಟ ಯಾಕೆ ಅಂದರೆ, ವ್ಯಾಗನ್ ಒಂದು ಗಾಡಿಯಲ್ಲ, ಎರಡು. ಖಾಲಿಯಿದ್ದಾಗ ಹಾರುವ ಹಿಂಭಾಗ ತುಂಬಿದಾಗ ಕೂತುಬಿಡುತ್ತದೆ. ಸೆಡಾನ್‌ ಇಟ್ಟುಕೊಂಡವರ ಸಲಹೆ ಕೇಳಿ ಕೈಸುಟ್ಟುಕೊಂಡ ಮೇಲೆ ಇದು ತಿಳಿದದ್ದು.

ಮೊದಲು ಮಾಡಿಸಿದ್ದು ರೀಕಂಡಿಷನ್. ಮರೀನಾಕ್ಕೆ ಮುಂದೂ ಹಿಂದೂ ಸ್ಟ್ರಟ್ಟೇ, ಅಂದರೆ ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ ಕೂತ ಜೋಡಣೆ. ಹಿಂದೆ ಪ್ರತಿ ಚಕ್ರಕ್ಕೆ ಮೂರು ಲಿಂಕ್ ಇರುವ ಸ್ವತಂತ್ರ ಸಸ್ಪೆನ್ಷನ್. ಆ ದರ್ಜೆಯ ಗಾಡಿಗೆ ಒಳ್ಳೇ ಏರ್ಪಾಡೇ, ಆದರೆ ಬುಷ್‌ಗಳು, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್ ಮೆತ್ತೆಗಳು, ಹೆಚ್ಚು. ಹಳೇ ಸ್ಟ್ರಟ್ ಕೊಯ್ದು, ಸೀಲ್ ಬದಲಿಸಿ, ಆಯಿಲ್ ತುಂಬಿ ಮತ್ತೆ ಮುಚ್ಚಿ ಕೊಡುತ್ತಾರೆ. ಮೊದಲ ತಿಂಗಳು ಸೊಗಸಾಗಿತ್ತು. ಮಳೆಗಾಲ ಮುಗಿಯೋ ಹೊತ್ತಿಗೆ ಎಡ ಮುಂದಿನದು ಆಯಿಲ್ ಕಾರಿಕೊಂಡಿತು. ರಾಡ್ ಮೇಲಿನ ಕ್ರೋಮ್ ಎದ್ದು ಗೀರು ಬಿದ್ದಿದ್ದರೆ ಹೊಸ ಸೀಲ್ ಎಷ್ಟು ದಿನ ತಡೆದೀತು? ಮಾರೋದಕ್ಕೆ ಇಟ್ಟ ಗಾಡಿಗಾದರೆ ಸರಿ, ಇಟ್ಟುಕೊಳ್ಳೋ ಗಾಡಿಗೆ ಬೇಡ.

ಎರಡನೆಯದು ಸ್ಪ್ರಿಂಗ್ ಬಫರ್. ಕಾಯಿಲ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಉಂಗುರ. ಅಗ್ಗ, ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ಮುಖ ಹುಳ್ಳಗೆ ಮಾಡಿ, "ಬೇಡ ಮಾರಾಯ್ರೆ, ಸ್ಪ್ರಿಂಗ್ ಕೆಲಸ ಮಾಡೋ ಸುತ್ತನ್ನೇ ಕಟ್ಟಿಹಾಕಿದಂಗೆ" ಅಂದರು. ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದೆ. ಮೂಟೆ ಹೇರಿದಾಗ ಮೊದಲು ನಾಲ್ಕು ಬೆರಳು ಕೂರುತ್ತಿದ್ದ ಗಾಡಿ ಎರಡೇ ಬೆರಳು ಕೂತಿತು. ನಾನು ಮೇಸ್ತ್ರಿ ಕಡೆ ನೋಡಿ ಮೀಸೆ ತಿರುವಿದೆ. ಖಾಲಿ ಓಡಿಸಿದ ದಿನ ಮೀಸೆ ಇಳಿಯಿತು. ಬಾಗುವ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಆ ಬಿಗಿಯನ್ನು ಹಿಡಿದು ನಿಧಾನ ಮಾಡಬೇಕಾದ ಶಾಕ್ ಮಾತ್ರ ಅದೇ ಹಳೆಯದು. ಹಾಗಾಗಿ ಹಂಪ್ ದಾಟಿದ ಮೇಲೂ ಹಿಂಭಾಗ ಎರಡು ಸಲ ಪುಟಿಯುತ್ತಿತ್ತು. ಆಗುಂಬೆ ಊರು ತಲುಪೋದರೊಳಗೆ, ಘಾಟಿ ಇಳಿಯೋ ಮೊದಲೇ, ಅಮ್ಮ ನಿಂಬೆಹಣ್ಣು ಕೇಳಿದರು.

ಮೂರನೆಯದು ಗೆಳೆಯನ ಸೆಡಾನ್‌ನಿಂದ ಬಿಚ್ಚಿ ತಂದ ತಗ್ಗು ಸ್ಪ್ರಿಂಗ್. ನೋಡೋಕೆ ಚೆಂದ, ಅದನ್ನು ಅಲ್ಲಗಳೆಯಲ್ಲ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಮುಚ್ಚಿದಾಗ ಮರೀನಾ ಒಂದು ಕ್ಷಣ ಯುರೋಪಿನ ಗಾಡಿ ಥರಾ ಕಂಡಿತು. ಆದರೆ ಸ್ಟ್ರಟ್ ಗಾಡಿಯನ್ನು ತಗ್ಗಿಸಿದಾಗ, ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ಲೋಯರ್ ಆರ್ಮಿನ ಹೊರತುದಿ ಮೇಲೇಳುತ್ತದೆ. ಭಾರದ ಕೇಂದ್ರ ಇಳಿದದ್ದಕ್ಕಿಂತ ಗಾಡಿ ಓಲುವ ಕೇಂದ್ರ ಹೆಚ್ಚು ಇಳಿಯುತ್ತದೆ. ಅಂದರೆ ಓಲಾಡಿಸುವ ಸನ್ನೆಗೋಲು ಇನ್ನೂ ಉದ್ದವಾಗುತ್ತದೆ. ಬಿಗಿ ಸ್ಪ್ರಿಂಗಿನ ಅರ್ಧ ಲಾಭ ಅಲ್ಲೇ ಸೋರಿಹೋಯಿತು. ಮೂಟೆ ಹೇರಿದ ಮೇಲಂತೂ ಹಿಂದೆ ಬಂಪ್ ಸ್ಟಾಪರೇ (ಸ್ಪ್ರಿಂಗ್ ಪೂರ್ತಿ ಕುಸಿದಾಗ ತಡೆಯುವ ರಬ್ಬರ್ ಗುಬುಟು) ಸ್ಪ್ರಿಂಗ್. ತೋಟದ ದಾರಿಯಲ್ಲಿ ಸೈಲೆನ್ಸರ್ ಕಲ್ಲಿಗೆ ತಾಗಿದ ದಿನ ಬಿಚ್ಚಿಸಿದೆ. ಎರಡು ವಾರದ ಬಾಳು.

ನಾಲ್ಕನೆಯದು, ಮೊದಲೇ ಮಾಡಬೇಕಿದ್ದದ್ದು: ಕಂಪನಿ ಅಳತೆಯದೇ ಹೊಸ ಗ್ಯಾಸ್ ಸ್ಟ್ರಟ್ ನಾಲ್ಕು, ಜೊತೆಗೆ ಸ್ಟ್ರಟ್ ಮೌಂಟ್, ಬಂಪ್ ಸ್ಟಾಪರ್, ಲಿಂಕ್ ರಾಡ್, ಎಲ್ಲ ಬುಷ್. ಹಳೇ ಮೌಂಟ್ ಬಿಚ್ಚಿದಾಗ ರಬ್ಬರ್ ಒಂದು ಕಡೆ, ಕಬ್ಬಿಣ ಒಂದು ಕಡೆ ಕೈಗೆ ಬಂತು. ಆ ಟ್ರಂಕಿನ ಸದ್ದು ಶಾಕಿನದಾಗಿರಲೇ ಇಲ್ಲ. ಇಲ್ಲೇ ಪಾಲಿಯುರೆಥೇನ್ ಬುಷ್ ಕೂಡ ಮುಂದಿನ ಲೋಯರ್ ಆರ್ಮಿಗೆ ಹಾಕಿ ನೋಡಿದೆ. ಸ್ಟೀರಿಂಗ್ ಚುರುಕಾಯಿತು, ನಿಜ. ಬದಲಿಗೆ ಡೀಸೆಲ್ ಗಾಡಿಯ ಗಡಗಡ ಪೂರ್ತಿ ಪಾದಕ್ಕೆ ಬಂತು. ಗ್ರೀಸ್ ಒಣಗಿದಾಗ ಕಿರ್ರೆನ್ನುವುದು ಬೇರೆ. ತಿರುಗಿ ರಬ್ಬರಿಗೇ ಬಂದೆ.

ರಬ್ಬರ್ ಬುಷ್ ಹಾಕಿಸುವಾಗ ಒಂದು ಮಾತು ಮರೀಬೇಡಿ. ಗಾಡಿ ಜಾಕಿನ ಮೇಲೆ ಕಾಲು ಇಳಿಬಿಟ್ಟಿರುವಾಗ ಆರ್ಮ್ ಬೋಲ್ಟ್ ಕೊನೇ ಬಿಗಿ ಮಾಡಬಾರದು. ಬುಷ್‌ನ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರುತ್ತದೆ. ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೇ ಅದು ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಚಕ್ರ ನೆಲಕ್ಕೂರಿ, ಗಾಡಿಯ ಭಾರ ಬಿದ್ದ ಮೇಲೆಯೇ ಬಿಗಿ. ನಾನು ಗುಂಡಿಯ ಮೇಲೆ ನಿಲ್ಲಿಸಿ, ಮೇಸ್ತ್ರಿ ಗೊಣಗುತ್ತಿದ್ದರೂ ಬಿಡದೆ, ಹಾಗೇ ಮಾಡಿಸಿದೆ. ಈ ಜೋಡಣೆಯಲ್ಲಿ ಅಮ್ಮ ಹನ್ನೊಂದನೇ ತಿರುವಿನವರೆಗೆ ನಿಂಬೆಹಣ್ಣು ಕೇಳಲಿಲ್ಲ.

ಇನ್ನು ಬ್ರೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್.

ಪ್ಯಾಡಿನ ಕಥೆ ಚಿಕ್ಕದು. ಅಗ್ಗದ್ದು ಒಂದೇ ಘಾಟಿ ಇಳಿಯೋದರಲ್ಲಿ ವಾಸನೆ ಬಂತು, ತೆಗೆದು ಎಸೆದೆ. ಲೋಹದ ಚೂರು ಬೆರೆತ ಸೆಮಿ ಮೆಟಾಲಿಕ್ ಬಿಸಿಯಾದಷ್ಟೂ ಚೆನ್ನಾಗಿ ಹಿಡಿಯಿತು. ಬೆಳಿಗ್ಗೆ ಮೊದಲ ಒತ್ತಿಗೆ ಮಾತ್ರ ಸೋಮಾರಿ. ಚಕ್ರವೆಲ್ಲ ಕಪ್ಪು ಪುಡಿ. ಕಂಪನಿ ದರ್ಜೆಯದು ಊರೊಳಗೆ ಮೆತ್ತಗೆ, ಸದ್ದಿಲ್ಲ. ಮೂಟೆ ಸಮೇತ ಇಳಿಯುವವನು ನಾನಾದ್ದರಿಂದ ಸೆಮಿ ಮೆಟಾಲಿಕ್ ಉಳಿಸಿಕೊಂಡೆ. ಬರೀ ಪೇಟೆಯಲ್ಲಿ ಓಡಿಸುವವರು ಅದಕ್ಕೆ ದುಡ್ಡು ಹಾಕೋದು ದಂಡ. ಡಿಸ್ಕನ್ನು ಒಮ್ಮೆ ಲೇತಿಗೆ ಹಾಕಿಸಿದ್ದೆ. ಪೆಡಲಿನ ನಡುಕ ಹೋಗಿ ಕೆಲವು ತಿಂಗಳಲ್ಲಿ ವಾಪಸ್ ಬಂತು. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ಎಷ್ಟು ದಪ್ಪಕ್ಕಿಂತ ಕೆಳಗಿಳಿಯಬಾರದು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ಲೇತಿನವನಿಗೆ ಕೊಡೋ ಮುಂಚೆ ಓದಿ.

ನಿಜವಾದ ವ್ಯತ್ಯಾಸ ಕಂಡದ್ದು ಯಾರೂ ಫೋಟೋ ಹಾಕದ ಎರಡು ಕಡೆ. ಒಂದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಬರ. ಡಾಟ್ ಅನ್ನೋದು ಈ ಆಯಿಲಿನ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ 3.7 ಭಾಗ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿ, ಕಾಲಿನಡಿ ಸ್ಪಂಜು. ನನ್ನ ಡಬ್ಬಿಯಲ್ಲಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು. ಪೂರ್ತಿ ಹೊರಹಾಕಿ ಡಾಟ್ 4 ತುಂಬಿ, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿದೆ. ಡಾಟ್ 5 ಅಂತ ಬರೆದದ್ದು ಸಿಲಿಕಾನಿನದು, ಇದಕ್ಕೆ ಬೆರೆಸುವಂತಿಲ್ಲ, 5.1 ಬೇರೆ ಜಾತಿ, ಅದಾಗುತ್ತದೆ.

ಎರಡನೆಯದು ಹಿಂದಿನ ಡ್ರಮ್. ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಶೂಗಳನ್ನು ತನ್ನಷ್ಟಕ್ಕೆ ಹತ್ತಿರ ತರಬೇಕಾದ ಅಡ್ಜಸ್ಟರ್ ತುಕ್ಕಿಗೆ ಕಚ್ಚಿಕೊಂಡಿತ್ತು. ಪೆಡಲಿನ ಅರ್ಧ ದಾರಿ ಶೂಗಳು ಡ್ರಮ್ ಮುಟ್ಟೋದಕ್ಕೇ ಖರ್ಚು. ಅಡ್ಜಸ್ಟರ್ ಬಿಡಿಸಿ, ಹೊಸ ಶೂ, ಹೊಸ ವ್ಹೀಲ್ ಸಿಲಿಂಡರ್ ಹಾಕಿದ ಸಂಜೆ ಪೆಡಲ್ ಮೇಲೇ ನಿಂತಿತು. ಸ್ಟೀಲ್ ಹೆಣೆದ ಹೋಸ್ ಹಾಕಿಸುವ ಆಸೆ ಅಲ್ಲಿಗೆ ಸತ್ತಿತು. ಬರೀ ಹೊಸ ರಬ್ಬರ್ ಹೋಸ್ ಸಾಕಾಯಿತು. ಹಳೆಯದರಲ್ಲಿ ಒಂದರ ಒಳಪದರ ಊದಿಕೊಂಡು, ಒತ್ತಿದಾಗ ಆಯಿಲ್ ಬಿಟ್ಟು, ಬಿಟ್ಟಾಗ ವಾಪಸ್ ಬರಗೊಡದೆ ಬಲ ಚಕ್ರವನ್ನು ಕಾಯಿಸುತ್ತಿತ್ತು.

ಹಿಂದೂ ಡಿಸ್ಕ್ ಹಾಕಿಸಿ ಅಂತ ಸಲಹೆ ಕೊಟ್ಟವರು ಬಹಳ. ಹಾಗೆ ಬದಲಿಸಿದ ಇಂಡಿಗೋ ಒಂದನ್ನು ಕೇಳಿ ಪಡೆದು ಅದೇ ಘಾಟಿ ಇಳಿಸಿದೆ. ನಿಲ್ಲುವ ದೂರದಲ್ಲಿ ನನ್ನ ಕಾಲಿಗೆ ಗೊತ್ತಾಗುವಂಥ ಲಾಭ ಕಾಣಲಿಲ್ಲ. ಹ್ಯಾಂಡ್ ಬ್ರೇಕ್ ಮಾತ್ರ ಇಳಿಜಾರಿನಲ್ಲಿ ಗಾಡಿ ಹಿಡಿಯದೆ ಕಲ್ಲು ಹುಡುಕಬೇಕಾಯಿತು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ನುಗ್ಗುತ್ತದೆ, ಖಾಲಿ ವ್ಯಾಗನ್ನಿನ ಹಿಂಭಾಗ ಮೊದಲೇ ಹಗುರ. ಅಲ್ಲಿ ಬ್ರೇಕಿನ ಬಲ ಹೆಚ್ಚಿಸಿದರೆ ಹಿಂಚಕ್ರ ಮೊದಲು ಕಟ್ಟಿಕೊಂಡು, ಮಳೆಯಲ್ಲಿ ಗಾಡಿಯ ಬಾಲ ಮುಂದೆ ಬರುತ್ತದೆ. ಸಾಲದ್ದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದೂ ಇದೆ. 15 ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಆರ್‌ಟಿಓ ಮುಂದೆ ನಿಲ್ಲಬೇಕು. ಅಲ್ಲಿ ಹೋಗಿ ಹಿಂದಿನ ಡಿಸ್ಕಿನ ಕಥೆ ಹೇಳುವಷ್ಟು ನಾಲಗೆ ನನಗಿಲ್ಲ.

ಬಾಕಿ ಉಳಿದಿರೋದು ಹಿಂದಿನ ಸ್ಪ್ರಿಂಗ್. ಹೊಸ ಸ್ಟ್ರಟ್ಟಿನೊಡನೆ ಖಾಲಿಯಲ್ಲಿ ಗಾಡಿ ಹದವಾಗಿದೆ, ಮೂಟೆ ಹೇರಿದರೆ ಇನ್ನೂ ಮೂರೂವರೆ ಬೆರಳು ಕೂರುತ್ತದೆ. ಹದಿನೆಂಟು ವರ್ಷಕ್ಕೂ ಮೇಲೆ ಭಾರ ಹೊತ್ತ ಸ್ಪ್ರಿಂಗ್ ಕುಗ್ಗಿರಲೇಬೇಕು. ಕಂಪನಿ ಅಳತೆಯ ಹೊಸ ಜೋಡಿ ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ, ಪಕ್ಕದಲ್ಲೇ ಬಿಚ್ಚಿದ ಬಫರ್ ಎರಡೂ ಇವೆ. ಅಡಿಕೆ ಕೊಯ್ಲು ಮುಗಿದು ಮೇಸ್ತ್ರಿಗೆ ಪುರಸೊತ್ತಾದ ಮೇಲೆ ಹಾಕಿಸಬೇಕು. ಅಮ್ಮ ಈಗಲೇ ಹೇಳಿಬಿಟ್ಟಿದ್ದಾರೆ, ಈ ಸಲದ ಪರೀಕ್ಷೆಗೆ ಅವರು ಬಸ್ಸಿನಲ್ಲಿ ಬರ್ತಾರಂತೆ.