ಪ್ಯಾರಾಸಿಟಮಾಲ್ ಮಾತ್ರೆಗೆ ಯುವಿಯೋ, ಎನ್‌ಐಆರೋ?

ಪೀಣ್ಯ, ಜಿಗಣಿ ಕಡೆಯ ಸಣ್ಣ ಲ್ಯಾಬ್‌ಗಳಲ್ಲಿ ಈ ಪ್ರಶ್ನೆ ಏಳುವುದು ಹೊಸ ಉಪಕರಣದ ಕೊಟೇಶನ್ ಮೇಜಿಗೆ ಬಂದಾಗ: ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ಅಳೆಯಲು ಯುವಿ (ನೇರಳಾತೀತ ಬೆಳಕು) ಉಪಕರಣವೋ, ಎನ್‌ಐಆರ್ (ಸಮೀಪದ ಅವಕೆಂಪು ಬೆಳಕು) ಉಪಕರಣವೋ? 500 ಮಿ.ಗ್ರಾಂ. ಮಾತ್ರೆಯನ್ನೇ ಇಟ್ಟುಕೊಂಡು ನೋಡೋಣ.

ಯುವಿಯಲ್ಲಿ ಕೈಕೆಲಸ ಜಾಸ್ತಿ. 20 ಮಾತ್ರೆ ತೂಗಿ, ನುಣ್ಣಗೆ ಅರೆದು, 150 ಮಿ.ಗ್ರಾಂ. ಔಷಧ ಇರುವಷ್ಟು ಪುಡಿ ತೆಗೆಯಿರಿ. ಮಾತ್ರೆಯ ಸರಾಸರಿ ತೂಕ 580 ಮಿ.ಗ್ರಾಂ. ಇದ್ದರೆ ಪುಡಿ 174. ಅದಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ., ನೀರು 100 ಮಿ.ಲೀ. ಹಾಕಿ 15 ನಿಮಿಷ ಕುಲುಕಿ, 200ಕ್ಕೆ ಏರಿಸಿ, ಸೋಸಿ. ಸೋಸಿದ್ದರಲ್ಲಿ 10 ಮಿ.ಲೀ. ತೆಗೆದು ನೀರಿನಿಂದ 100ಕ್ಕೆ. ಅದರಲ್ಲಿ 10 ಮಿ.ಲೀ.ಗೆ ಅದೇ ಕ್ಷಾರ 10 ಮಿ.ಲೀ. ಸೇರಿಸಿ ಮತ್ತೆ 100ಕ್ಕೆ. 257 ನ್ಯಾನೊಮೀಟರ್ ಬೆಳಕಿನಲ್ಲಿ ರೀಡಿಂಗ್ (ದ್ರಾವಣ ಬೆಳಕನ್ನು ಎಷ್ಟು ಹೀರಿತು ಎಂಬ ಅಳತೆ) 0.540 ಬಂತೆನ್ನಿ. 1% ಪ್ಯಾರಾಸಿಟಮಾಲ್ ದ್ರಾವಣಕ್ಕೆ 1 ಸೆಂ.ಮೀ. ದಪ್ಪದಲ್ಲಿ ಲೆಕ್ಕಹಾಕುವ ರೀಡಿಂಗ್ 715, ಅದರಿಂದ ಭಾಗಿಸಿದರೆ 100 ಮಿ.ಲೀ.ನಲ್ಲಿ 0.000755 ಗ್ರಾಂ, ಹಿಂದಕ್ಕೆ ಗುಣಿಸುತ್ತ ಹೋದರೆ 151 ಮಿ.ಗ್ರಾಂ., ಅಂದರೆ 100.7%.

ಕೆಡುವುದು ಹೆಚ್ಚಾಗಿ ಸೋಸುವಲ್ಲೇ. ಮಾತ್ರೆಗೆ ಬೆರೆಸಿದ ಸ್ಟಾರ್ಚ್‌ನ ಕಣ ಉಳಿದರೆ ಬೆಳಕು ಚದುರಿ ರೀಡಿಂಗ್ ಸುಳ್ಳೇ ಏರುತ್ತದೆ. 350 ನ್ಯಾನೊಮೀಟರ್‌ನಲ್ಲೂ ಒಮ್ಮೆ ನೋಡಿ: ಸೊನ್ನೆಯ ಆಸುಪಾಸು ಇಲ್ಲದಿದ್ದರೆ ಮತ್ತೆ ಸೋಸಿ, ಮೊದಲ ಕೆಲವು ಮಿ.ಲೀ. ಚೆಲ್ಲಿ. ಕ್ಯೂವೆಟ್ (ದ್ರಾವಣ ತುಂಬಿ ಬೆಳಕಿಗೆ ಒಡ್ಡುವ ಪುಟ್ಟ ಪಾತ್ರೆ) ಕ್ವಾರ್ಟ್ಸ್‌ನದೇ ಆಗಬೇಕು. ಗಾಜು ಈ ಬೆಳಕನ್ನು ತಾನೇ ನುಂಗುತ್ತದೆ. ಬ್ಲ್ಯಾಂಕ್‌ಗೆ (ಸೊನ್ನೆ ಹೊಂದಿಸಲು ಇಡುವ, ಔಷಧವಿಲ್ಲದ ದ್ರಾವಣ) ಬರೀ ನೀರು ಸಾಲದು, ಅಷ್ಟೇ ಕ್ಷಾರವೂ ಇರಲಿ. ಮಾತ್ರೆಯಲ್ಲಿ ಕೆಫೀನ್ ಕೂಡಿದ್ದರೆ ಈ ವಿಧಾನ ಬಿಡಿ, ಎರಡೂ ಬೆಳಕು ಹೀರುವ ಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ, ಎಚ್‌ಪಿಎಲ್‌ಸಿಗೆ (ದ್ರವದಲ್ಲಿ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಹೋಗಿ.

ಎನ್‌ಐಆರ್‌ನಲ್ಲಿ ಅರೆಯುವುದೂ ಇಲ್ಲ, ದ್ರಾವಕವೂ ಇಲ್ಲ. ಮಾತ್ರೆಯನ್ನು ಟ್ರೇನಲ್ಲಿಟ್ಟರೆ ಒಂದು ನಿಮಿಷದೊಳಗೆ ಉತ್ತರ, ಅದೂ ಒಂದೊಂದು ಮಾತ್ರೆಗೂ ಬೇರೆಬೇರೆ. ಶ್ರಮವೆಲ್ಲ ಅದಕ್ಕೂ ಮೊದಲೇ, ಕ್ಯಾಲಿಬ್ರೇಶನ್ ಕಟ್ಟುವಾಗ, ಅಂದರೆ ಔಷಧದ ಪ್ರಮಾಣ ಗೊತ್ತಿರುವ ಮಾತ್ರೆಗಳಿಂದ ಸ್ಪೆಕ್ಟ್ರಮ್ ಓದುವ ಲೆಕ್ಕದ ಮಾಡೆಲ್ ತಯಾರಿಸುವಾಗ. ದಿನದ ಉತ್ಪಾದನೆಯ ಮಾತ್ರೆಗಳೆಲ್ಲ 100%ರ ಸುತ್ತಲೇ ಇರುವುದರಿಂದ ಅವುಗಳಿಂದ ಮಾಡೆಲ್ ಏನೂ ಕಲಿಯದು. 80ರಿಂದ 120%ವರೆಗಿನ ಮಾತ್ರೆಗಳನ್ನು ಲ್ಯಾಬಿನಲ್ಲೇ ಒತ್ತಿಸಿಕೊಳ್ಳಬೇಕು. ಪ್ರತಿಯೊಂದರ ನಿಜ ಮೌಲ್ಯ ಕೊಡುವುದು ಯುವಿ ಇಲ್ಲವೇ ಎಚ್‌ಪಿಎಲ್‌ಸಿ. ಅಲ್ಲಿನ ತಪ್ಪು ಇಲ್ಲಿಗೂ ಬರುತ್ತದೆ. ಮಾತ್ರೆಯ ಗಡಸುತನ ಬದಲಾದರೂ ಸ್ಪೆಕ್ಟ್ರಮ್ ಜರುಗುತ್ತದೆ. ನೀರಿನ ಪಟ್ಟಿಗಳು 1450, 1940 ನ್ಯಾನೊಮೀಟರ್‌ಗಳ ಸುತ್ತ ಕೂತಿರುತ್ತವೆ. ಬೆಂಗಳೂರಿನ ಮಳೆಗಾಲದಲ್ಲಿ ತೆರೆದಿಟ್ಟ ಮಾತ್ರೆ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕಟ್ಟಿದ ಮಾಡೆಲ್ ಆಗ ತಡವರಿಸಬಹುದು. ಆಗಸ್ಟ್‌ನ ಮಾತ್ರೆಗಳನ್ನೂ ಕ್ಯಾಲಿಬ್ರೇಶನ್‌ಗೆ ಸೇರಿಸಿ.

ರಾಮನ್ (ಲೇಸರ್ ಬೆಳಕು ಮಾತ್ರೆಯಿಂದ ಚದುರುವುದನ್ನು ಅಳೆಯುವ ವಿಧಾನ) ಬಗ್ಗೆಯೂ ಕೇಳುವವರಿದ್ದಾರೆ. ಬಣ್ಣದ ಲೇಪನವಿದ್ದರೆ ಫ್ಲೋರೆಸೆನ್ಸ್ ಕಾಟ, ಲೇಪನವೇ ಬೆಳಗಿ ಅಸಲಿ ಸಂಕೇತವನ್ನು ಮುಚ್ಚುತ್ತದೆ. ಸಣ್ಣ ಲೇಸರ್ ಚುಕ್ಕೆ ಕಾಣುವುದು ಮಾತ್ರೆಯ ಒಂದು ಮೂಲೆಯನ್ನಷ್ಟೇ.

ವಾರಕ್ಕೆ ನಾಲ್ಕಾರು ಬಗೆಯ ಮಾತ್ರೆ ಬರುವ ಲ್ಯಾಬ್‌ಗೆ ಯುವಿ ಸಾಕು. ಒಂದೇ ಮಾತ್ರೆ ದಿನವಿಡೀ ಒತ್ತುವ ಕಡೆ ಎನ್‌ಐಆರ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಾಗೆ ಕೊಂಡರೂ ಯುವಿಯನ್ನು ಮಾರಬೇಡಿ, ಸ್ಟಾರ್ಚ್ ಕೊಡುವವರು ಬದಲಾದ ದಿನ ಮಾಡೆಲ್ ತಿದ್ದಲು ಅದೇ ಬೇಕು.