ಮೆಟಲ್ ಷೋಗೆ ಹೋಗ್ತಿದ್ದೀರಾ? ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ

ನನ್ನ ಎಡಗಿವಿಯಲ್ಲಿ ಎರಡು ವರ್ಷದಿಂದ ಒಂದು ಸದ್ದು ಇದೆ. ಕೀಂ ಅಂತ, ಸಣ್ಣಗೆ, ಬಿಡದೆ. ಮಲೆನಾಡಿನಲ್ಲಿ ಸಂಜೆ ಜೀರುಂಡೆ ಕೂಗುತ್ತಲ್ಲ, ಹಾಗೆ. ಜೀರುಂಡೆಯಾದರೂ ಒಂದು ಹೊತ್ತಿಗೆ ಸುಮ್ಮನಾಗುತ್ತದೆ. ಇದು ಆಗುವುದಿಲ್ಲ.

ಇದು ಒಂದೇ ರಾತ್ರಿಯಲ್ಲಿ ಬಂದದ್ದು. ಬೆಂಗಳೂರಿನ ಒಂದು ಪಬ್‌ನಲ್ಲಿ ನಾಲ್ಕು ಮೆಟಲ್ ಬ್ಯಾಂಡ್‌ಗಳ ಷೋ ಇತ್ತು. ಮೆಟಲ್ ಅಂದರೆ ಅಬ್ಬರದ ರಾಕ್ ಸಂಗೀತ. ತಗ್ಗಾದ ಸೂರು, ಇಕ್ಕಟ್ಟಾದ ಜಾಗ. ಸ್ಟೇಜಿನ ಎಡಗಡೆ ಸ್ಪೀಕರ್ ಪಕ್ಕ ಜಾಗ ಖಾಲಿ ಇತ್ತು. ಕೈ ಚಾಚಿದರೆ ಸ್ಪೀಕರ್ ಸಿಗುವಷ್ಟು ಹತ್ತಿರ. ಖುಷಿಯಿಂದ ಅಲ್ಲೇ ನಿಂತೆ, ಮೂರು ಗಂಟೆ ಕದಲಲಿಲ್ಲ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ಗೆ ಏಟು ಬಿದ್ದಾಗಲೆಲ್ಲ ಟೀ ಶರ್ಟ್ ಎದೆಯ ಮೇಲೆ ಅದುರುತ್ತಿತ್ತು. ಮೂರನೇ ಬ್ಯಾಂಡ್ ಹೊತ್ತಿಗೆ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ಆಗಲೇ ಹೊರಗೆ ಬರಬೇಕಿತ್ತು. ಬರಲಿಲ್ಲ.

ಯಾಕೆಂದರೆ ಅದು ನನಗೆ ಹೊಸದಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿ ಬಂದಾಗಲೂ ಕಿವಿ ಗುಂಯ್ ಅಂದಿತ್ತು. 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ ಬ್ಯಾಂಡ್ ಬಂದಾಗಲೂ ಅಷ್ಟೇ. ಮಾರನೇ ದಿನ ಸರಿಹೋಗುತ್ತಿತ್ತು. "ಇನ್ನೂ ಗುಂಯ್ ಅಂತಿದೆ ಮಗಾ" ಅಂತ ಫ್ರೆಂಡ್ಸ್‌ಗೆ ಹೇಳೋದೇ ಒಂದು ಹೆಮ್ಮೆ. ಕಿವಿ ಗುಂಯ್ ಅಂದರೆ ಷೋ ಚೆನ್ನಾಗಿತ್ತು ಅಂತ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪು. ಪ್ರತಿ ಸಲವೂ ಒಳಗೆ ಏಟು ಬೀಳುತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಈ ಸಲವೂ ಹೋಗುತ್ತೆ ಅಂತ ಹತ್ತು ದಿನ ಕಾದೆ. ಕಿವಿ ಡಾಕ್ಟರ್ ಪರೀಕ್ಷೆ ಮಾಡಿಸಿ ಗ್ರಾಫ್ ತೋರಿಸಿದರು. ಗೆರೆ ಸಲೀಸಾಗಿ ಬಂದು 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದುಗಳ ಜಾಗದಲ್ಲಿ, ಹಳ್ಳಕ್ಕೆ ಬಿದ್ದಿತ್ತು. ಜೋರು ಸದ್ದಿನಿಂದ ಕಿವಿ ಹಾಳಾದರೆ ಗುರುತು ಹೆಚ್ಚಾಗಿ ಅಲ್ಲೇ ಕಾಣುವುದಂತೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. "ಮಾರನೇ ದಿನವೇ ಯಾಕೆ ಬರಲಿಲ್ಲ?" ಎಂದು ಅವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಬ್ಬದ ದಿನ ಊಟಕ್ಕೆ ಬಡಿಸುತ್ತಿದ್ದೆ. ದೊಡ್ಡಪ್ಪ "ಸಾಕು" ಅಂದದ್ದು ನನಗೆ "ಹಾಕು" ಅಂತ ಕೇಳಿಸಿತು. ಇನ್ನೊಂದು ಸೌಟು ಸಾರು ಸುರಿದೆ. ಅವರು ಎಲೆಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. ಸ, ಶ ಥರದ ಅಕ್ಷರಗಳು ಗದ್ದಲದಲ್ಲಿ ಈಗ ಜಾರಿ ಹೋಗುತ್ತವೆ.

ಆದರೆ ಜಾಸ್ತಿ ನೋವಾಗಿದ್ದು ಹಾಡು ಕೇಳುವಾಗ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ, 1970ರದ್ದು, ಮಳೆಯ ಸದ್ದಿನಿಂದ ಶುರುವಾಗುತ್ತದೆ. ದೂರದಲ್ಲಿ ಗಂಟೆ, ಗುಡುಗು. ಆಮೇಲೆ ಆ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯ ಗಿಟಾರ್ ಬಂದು ಬೀಳುತ್ತದೆ. ನನ್ನ ಪ್ರಕಾರ ಇಡೀ ಮೆಟಲ್ ಸಂಗೀತದಲ್ಲಿ ಅದಕ್ಕಿಂತ ಭಾರವಾದ ಶುರುವಾತು ಇಲ್ಲ. ಆ ಭಾರ ಬರುವುದೇ ಮುಂಚಿನ ಮಳೆಯಿಂದ. ಈಗ ಎಡಗಿವಿಗೆ ಆ ಮಳೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಓಪೆತ್ ಬ್ಯಾಂಡಿನ 2003ರ ಡ್ಯಾಮ್ನೇಷನ್ ಆಲ್ಬಂ ಅಂತೂ ಪೂರ್ತಿ ಮೆಲುದನಿಯದ್ದು. ರಾತ್ರಿ ಲೈಟ್ ಆರಿಸಿ ಕೇಳುತ್ತಿದ್ದೆ. ಈಗ ಎರಡು ಹಾಡಿಗೆ ನಿಲ್ಲಿಸಿಬಿಡುತ್ತೇನೆ.

ಜೋರಾಗಿದ್ದರೇ ಮೆಟಲ್ ಅಂತ ನಂಬಿದವರು ಒಂದು ನೆನಪಿಡಿ. ಮೆಟಾಲಿಕಾದ 2008ರ ಡೆತ್ ಮ್ಯಾಗ್ನೆಟಿಕ್ ಆಲ್ಬಂನ ಸದ್ದನ್ನು ಎಷ್ಟು ಏರಿಸಿದ್ದರೆಂದರೆ ಅಭಿಮಾನಿಗಳೇ ಜಗಳಕ್ಕೆ ನಿಂತರು. ಗಿಟಾರ್ ಹೀರೋ ವಿಡಿಯೋ ಗೇಮ್‌ನಲ್ಲಿ ಅಷ್ಟು ಏರಿಸದೆ ಇದ್ದ ಅದೇ ಹಾಡುಗಳು ಎಷ್ಟೋ ವಾಸಿ ಅಂದರು. ನಾನೂ ಹಾಗೇ ಅಂದವನು. ಆ ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್‌ಗೂ ಈ ಗುಂಯ್ ಕಾಟ ಇದೆ, ಅವರೇ ಹೇಳಿಕೊಂಡಿದ್ದಾರೆ.

ಎಷ್ಟು ಸದ್ದಿನಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 100ಕ್ಕೆ ಹೋದರೆ ಬರೀ 15 ನಿಮಿಷ. ಮೆಟಲ್ ಷೋ 100 ದಾಟುವುದು ಮಾಮೂಲಿ. ನಾನು ನಿಂತದ್ದು ಮೂರು ಗಂಟೆ.

ಕಿವಿಗೆ ಬರೀ ಹತ್ತಿ ಇಟ್ಟುಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಫೋಮ್ ಪ್ಲಗ್ ಸಾಕು, ಆದರೆ ಹಾಕುವ ರೀತಿ ಇದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಅರಳಿಕೊಳ್ಳಬೇಕು. ಹಾಡು ಮಂಕಾಗುತ್ತೆ ಅನ್ನಿಸಿದರೆ ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಪ್ಲಗ್ ಕೊಳ್ಳಿ, ಬೆಲೆ ಜಾಸ್ತಿ, ಆದರೆ ಡ್ರಮ್ ಜೊತೆಗಿರುವ ಲೋಹದ ತಟ್ಟೆ, ಸಿಂಬಲ್, ಅದರ ಸದ್ದು ಸಿಂಬಲ್ ಥರವೇ ಕೇಳುತ್ತದೆ. ಸ್ಪೀಕರ್ ಪಕ್ಕ ನಿಲ್ಲಬೇಡಿ, ಸೌಂಡ್ ಎಂಜಿನಿಯರ್ ಕೂರುವ ಕಡೆ ಹೋಗಿ. ಎಲ್ಲಕ್ಕಿಂತ ಚೆನ್ನಾಗಿ ಕೇಳುವುದೂ ಅಲ್ಲೇ. ನಡುನಡುವೆ ಹೊರಗೆ ಬನ್ನಿ. ಮಾರನೇ ದಿನ ಕಿವಿ ಮಂದವಾಗಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಷೋಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ಹೋದ ತಿಂಗಳೂ ಹೋಗಿದ್ದೆ, ಪ್ಲಗ್ ಹಾಕಿಕೊಂಡು, ಹಿಂದೆ ನಿಂತು. ಪಕ್ಕದಲ್ಲೊಬ್ಬ ಕಾಲೇಜು ಹುಡುಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಜೇಬಿನಲ್ಲಿದ್ದ ಇನ್ನೊಂದು ಜೊತೆ ಕೊಟ್ಟೆ. ಹಾಕುವುದು ಹೇಗೆ ಅಂತ ಸನ್ನೆಯಲ್ಲೇ ತೋರಿಸಿದೆ.