ಐಆರ್‌ಎಸ್ ವಲಸೆ ದತ್ತಾಂಶ: ಒಂದು ಸಣ್ಣ ಕೌಂಟಿಯ ಮಟ್ಟಿಗೆ ಎಷ್ಟು ನಂಬಬಹುದು?

ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಉಚಿತವಾಗಿ ಒದಗಿಸುವ ವಲಸೆ ದತ್ತಾಂಶವನ್ನು ನಾನು ವಯೋಮಿಂಗ್ ರಾಜ್ಯದ ಟೀಟನ್ ಕೌಂಟಿಯನ್ನು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅರ್ಥ ಮಾಡಿಕೊಳ್ಳಲೆಂದು ಬಳಸಿದೆ. ಹಿಂದಿನ ವರ್ಷದ ತೆರಿಗೆ ರಿಟರ್ನ್ಸ್‌ನಲ್ಲಿದ್ದ ವಿಳಾಸವನ್ನು ಈ ವರ್ಷದ ವಿಳಾಸದೊಂದಿಗೆ ಹೋಲಿಸಿ, ಕೌಂಟಿ ಬದಲಾಗಿದ್ದರೆ ಅದನ್ನು ವಲಸೆಯೆಂದು ಎಣಿಸುತ್ತಾರೆ. ಬಂದವರಿಗೊಂದು ಕಡತ, ಹೋದವರಿಗೊಂದು ಕಡತ. ಪ್ರತಿ ಸಾಲಿನಲ್ಲೂ ರಿಟರ್ನ್ಸ್‌ಗಳ ಸಂಖ್ಯೆ, ಜನರ ಸಂಖ್ಯೆ, ಆದಾಯ. ಆದಾಯದ ಅಂಕಿ ಸಾವಿರ ಡಾಲರ್‌ಗಳಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಹೆಸರಿನಿಂದ ಹುಡುಕುವುದಂತೂ ಬೇಡವೇ ಬೇಡ: ಟೀಟನ್ ಎಂಬ ಕೌಂಟಿ ವಯೋಮಿಂಗ್, ಐಡಾಹೊ, ಮೊಂಟಾನಾ ಮೂರರಲ್ಲೂ ಇದೆ. ವಯೋಮಿಂಗ್‌ನದಕ್ಕೆ 56039, ಐಡಾಹೊದ್ದಕ್ಕೆ 16081 ಎಂಬ ಸಂಕೇತಗಳನ್ನೇ ಹಿಡಿಯಬೇಕು.

ಕೇವಲ ಸಮೀಕ್ಷೆಯ ಅಂದಾಜನ್ನಲ್ಲ, ಸಲ್ಲಿಕೆಯಾದ ರಿಟರ್ನ್ಸ್‌ಗಳನ್ನೇ ಆಧರಿಸಿರುವುದು ಇದರ ದೊಡ್ಡ ಬಲ. ಕರ್ನಾಟಕದ ತಾಲ್ಲೂಕೊಂದರ ವಲಸೆಯನ್ನು ಇಂದಿಗೂ 2011ರ ಜನಗಣತಿಯಿಂದಲೇ ಊಹಿಸಬೇಕಾದ ನಮ್ಮಂಥವರಿಗೆ ಇಷ್ಟು ನಿಯಮಿತವಾದ ಲೆಕ್ಕ ಕಂಡರೆ ಆಸೆಯಾಗುತ್ತದೆ. ಆದರೆ ಗ್ರಾಮೀಣ ಕೌಂಟಿಯಲ್ಲಿ ಇದೇ ಲೆಕ್ಕ ತೆಳುವಾಗುತ್ತದೆ. ಎರಡು ಕೌಂಟಿಗಳ ನಡುವೆ 20ಕ್ಕಿಂತ ಕಡಿಮೆ ರಿಟರ್ನ್ಸ್ ಓಡಾಡಿದ್ದರೆ, ಗೌಪ್ಯತೆಯ ಕಾರಣಕ್ಕೆ ಆ ಸಾಲು ಪ್ರತ್ಯೇಕವಾಗಿ ಕಾಣದೆ 'ಇತರೆ' ಎಂಬ ಮೊತ್ತದೊಳಗೆ ಸೇರಿಹೋಗುತ್ತದೆ. ರಿಟರ್ನ್ಸ್ ಸಲ್ಲಿಸದ ಬಡವರೂ ವೃದ್ಧರೂ ಲೆಕ್ಕಕ್ಕೇ ಬರುವುದಿಲ್ಲ.

ಅತಿ ಎಚ್ಚರದಿಂದ ಓದಬೇಕಾದದ್ದು ಆದಾಯದ ಕಾಲಂ. 2020ರಲ್ಲಿ 23,331 ಜನರಿದ್ದ ಟೀಟನ್ ಕೌಂಟಿ ತಲಾ ಆದಾಯದಲ್ಲಿ ಇಡೀ ದೇಶಕ್ಕೇ ಮುಂಚೂಣಿಯಲ್ಲಿದೆ. ವಯೋಮಿಂಗ್‌ನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ಇಷ್ಟು ಚಿಕ್ಕ ಊರಿಗೆ ಷೇರು ಮಾರಿ ಬಂದ ಒಂದೇ ಒಂದು ಕುಟುಂಬ ಆ ವರ್ಷದ ಸರಾಸರಿಯನ್ನು ಬುಡಮೇಲು ಮಾಡಬಲ್ಲದು, ಮತ್ತು ಕಡತದಲ್ಲಿ ಮಧ್ಯಾಂಕ (ಎಲ್ಲರ ಆದಾಯವನ್ನು ಕ್ರಮವಾಗಿಟ್ಟಾಗ ನಡುವೆ ಬರುವ ಅಂಕಿ) ಇಲ್ಲದಿರುವುದರಿಂದ ಅದನ್ನು ಬೇರ್ಪಡಿಸಿ ನೋಡುವ ದಾರಿಯೂ ಇಲ್ಲ. ಹಾಗಾಗಿ ನಾನು ಐದು ವರ್ಷಗಳನ್ನು ಒಟ್ಟಿಗಿಟ್ಟು, ಮೊದಲು ಜನರ ಕಾಲಂ ನೋಡಿ, ಆಮೇಲೆ ಆದಾಯಕ್ಕೆ ಬರುತ್ತೇನೆ.

ಹೋದವರ ಕಡತ ನೋಡಿ 'ಆದಾಯ ಹೊರಹೋಯಿತು' ಎನ್ನುವ ಮಾತೂ ದಾರಿ ತಪ್ಪಿಸುತ್ತದೆ. ಕೌಂಟಿಯ ಸುಮಾರು 97 ಶೇಕಡಾ ನೆಲ ರಾಷ್ಟ್ರೀಯ ಉದ್ಯಾನ, ಅರಣ್ಯ ಮೊದಲಾದ ಸಾರ್ವಜನಿಕ ಭೂಮಿ. ಮನೆ ಕಟ್ಟಲು ಜಾಗವಿಲ್ಲ, ಇರುವ ಮನೆಗಳ ಬೆಲೆ ಕೈಗೆಟುಕುವುದಿಲ್ಲ. ಕೌಂಟಿಯ ಜ್ಯಾಕ್ಸನ್ ಪಟ್ಟಣದ ಹೋಟೆಲು, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಅನೇಕರು ಟೀಟನ್ ಪಾಸ್ ಘಾಟಿಯಾಚೆ, ಐಡಾಹೊದ ವಿಕ್ಟರ್ ಮತ್ತು ಡ್ರಿಗ್ಸ್‌ಗಳಲ್ಲಿ ನೆಲೆಸಿದ್ದಾರೆ. ಹಾಗೆ ಮನೆ ಬದಲಿಸಿದವರ ಸಂಬಳ ಜ್ಯಾಕ್ಸನ್‌ನಲ್ಲೇ ಹುಟ್ಟಿದರೂ, ಕಡತದಲ್ಲಿ ಅದು ವಯೋಮಿಂಗ್ ಬಿಟ್ಟ ಆದಾಯ. 2024ರ ಜೂನ್‌ನಲ್ಲಿ ಆ ಘಾಟಿ ರಸ್ತೆ ಕುಸಿದಾಗ ಸುಮಾರು ಮೂರು ವಾರ ಅವರೆಲ್ಲ ದೂರದ ದಾರಿ ಸುತ್ತಿ ಕೆಲಸಕ್ಕೆ ಹೋಗಬೇಕಾಯಿತು. ಆ ಓಡಾಟ ತಿಳಿಯಬೇಕಾದರೆ ಜನಗಣತಿ ಇಲಾಖೆಯ ದಿನನಿತ್ಯದ ಪ್ರಯಾಣದ ಅಂಕಿಗಳನ್ನು ಈ ಕಡತದ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.